ಗುಡುಗು ಬಂದರೂ ಫ್ರಿಜ್ಜಿನ ಪ್ಲಗ್ ತೆಗೆಯಬೇಡಿ

ಪಪ್ಪ,

ಫ್ರೀಜರಿನಲ್ಲಿದ್ದ ಕಲ್ಲಂಗಡಿಯನ್ನೆಲ್ಲ ಎಸೆದಿದ್ದೇನೆ. ಬಿಡಿಬಿಡಿಯಾಗಿ ಇಟ್ಟಿದ್ದ ತುಂಡುಗಳು ಒಂದೇ ಗಡ್ಡೆಯಾಗಿದ್ದವು. ಅಂದರೆ ಪೂರ್ತಿ ಕರಗಿ ಮತ್ತೆ ಗಟ್ಟಿಯಾಗಿವೆ. ನಿನ್ನೆ ಗುಡುಗಿಗೆ ಹೆದರಿ ಪ್ಲಗ್ ತೆಗೆದವರು ನೀವೇ. ಕೀಮೋ ನಡೆಯುತ್ತಿರುವಾಗ ಅಮ್ಮ ಅದನ್ನು ತಿಂದಿದ್ದರೆ ಮತ್ತೆ ಆಸ್ಪತ್ರೆಯೇ ಗತಿ.

ಉರ್ವ ಮಾರ್ಕೆಟಿನಿಂದ ಇಡೀ ಹಣ್ಣು ತನ್ನಿ, ಕತ್ತರಿಸಿಟ್ಟದ್ದು ಬೇಡ. ಸಿಪ್ಪೆಯನ್ನು ತೊಳೆದೇ ಕತ್ತರಿಸಿ. ಮೀನಿನ ಕತ್ತಿ ಮುಟ್ಟಬೇಡಿ. ತುಂಡುಗಳನ್ನು ತಟ್ಟೆಯಲ್ಲಿ ಹರಡಿ ಫ್ರೀಜರಿನಲ್ಲಿಡಿ. ಇನ್ನೊಮ್ಮೆ ಪ್ಲಗ್ ತೆಗೆದರೆ ಮುಚ್ಚಿಡದೆ ನನಗೆ ಹೇಳಿ.

ಹುಣ್ಣಾದ ಬಾಯಿಗೆ ಅಮ್ಮ ಈಗ ಹಾಕಿಕೊಳ್ಳುವುದು ಆ ತಣ್ಣನೆಯ ಕಲ್ಲಂಗಡಿಯೊಂದನ್ನೇ. ಎದ್ದ ಕೂಡಲೇ "ಬಚ್ಚಂಗಾಯಿ ಉಂಟಾ?" ಎಂದು ಕೇಳುತ್ತಾರೆ. ಮನ್ವಿತಾ ತಿಂದು ಮುಗಿಸಿದಳು ಎನ್ನಿ. ಪ್ಲಗ್ಗಿನ ವಿಷಯ ಗೊತ್ತಾದರೆ, ನಿಮಗೆ ಬೇಸರವಾಗಬಾರದೆಂದು ಇನ್ನು ಕೇಳುವುದನ್ನೇ ಬಿಡುತ್ತಾರೆ.

ಮನ್ವಿತಾ