ಸಿಗಿನ್ ಎಂಬ ಹೆಸರು

ಬೋಲುಂಗಾರ್ವಿಕ್, ಐಸ್‌ಲ್ಯಾಂಡ್
ಅಕ್ಟೋಬರ್ ೧೪

ಬ್ರಾಂಡುರ್,

'ಪ್ರಿಯ' ಎಂದು ಬರೆಯಲು ಕೈ ಏಳಲಿಲ್ಲ. ಬರೀ ಹೆಸರಿರಲಿ.

ನಿನ್ನ ಆಹ್ವಾನ ಬಂತು, ವಿಮಾನದ ಟಿಕೆಟ್ಟೂ ಬಂತು. ನಾನು ರೇಕ್ಯಾವಿಕ್‌ಗೆ ಬರಬೇಕು, ನಿನ್ನ 'ಸಿಗಿನ್' ಸಾಫ್ಟ್‌ವೇರಿಗೆ ಪ್ರಶಸ್ತಿ ಕೊಡುವಾಗ ಪಕ್ಕದಲ್ಲಿ ನಿಂತು ನಗಬೇಕು, 'ನಿಜವಾದ ಸಿಗಿನ್ ಇವಳೇ' ಎಂದು ನೀನು ತೋರಿಸುತ್ತೀಯಂತೆ. ನೀನು ಬಿಟ್ಟುಹೋಗಿ ಮೂರು ವರ್ಷವಾದ ಹೆಂಡತಿಯನ್ನು ಮೆರವಣಿಗೆ ಮಾಡಲು ನಾಚಿಕೆಯಾಗಲಿಲ್ಲವೇ?

ನಿನ್ನ ಟಿವಿ ಸಂದರ್ಶನವನ್ನು ಶಾಲೆಯ ಸ್ಟಾಫ್ ರೂಮಿನಲ್ಲಿ ಎಲ್ಲರ ಜೊತೆ ನೋಡಿದೆ. "ನಮ್ಮ ಹಳೇ ಪುರಾಣದಲ್ಲಿ ದೇವರುಗಳು ಮೋಸಗಾರ ಲೋಕಿಯನ್ನ ಬಂಡೆಗೆ ಕಟ್ಟಿಹಾಕಿದ್ರು. ಮೇಲಿಂದ ಹಾವಿನ ವಿಷ ತೊಟ್ಟಿಕ್ಕೋದು. ಅದನ್ನ ಬಟ್ಟಲಲ್ಲಿ ಹಿಡಿದು ಕೂತವಳು ಅವನ ಹೆಂಡ್ತಿ ಸಿಗಿನ್. ನಮ್ಮ ಸಾಫ್ಟ್‌ವೇರೂ ಹಾಗೇ, ತಪ್ಪುಗಳನ್ನೆಲ್ಲ ಹಿಡ್ಕೊಳ್ಳುತ್ತೆ, ಒಂದು ಸಲಾನೂ ಗೊಣಗಲ್ಲ" ಎಂದೆ ನೀನು. ಗಣಿತದ ಡಾಗ್ನಿ ನನ್ನನ್ನು ತಿವಿದು, "ಏನೇ ಸಾಲ್ವೋರ್, ನಿನ್ನ ಗಂಡ ನಿನ್ನನ್ನೇ ಡಬ್ಬಿಗೆ ಹಾಕಿ ಮಾರ್ತಿದಾನಲ್ಲೇ!" ಎಂದಳು. ಎಲ್ಲರೂ ನಕ್ಕರು. ನಾನೂ ಹಲ್ಲು ಕಿರಿದೆ.

ಕಾವಲಿನ ಸಾಫ್ಟ್‌ವೇರಿಗೆ ದೇವಲೋಕದ ಕಾವಲುಗಾರ ಹೈಮ್ದಾಲ್, ಜಾಲಗಳನ್ನು ಬೆಸೆಯುವುದಕ್ಕೆ ಕಾಮನಬಿಲ್ಲಿನ ಸೇತುವೆ ಬಿಫ್ರಾಸ್ಟ್, ಹಳೆಯದನ್ನೆಲ್ಲ ಕಾಪಿಡುವುದಕ್ಕೆ ನೆನಪಿನ ಕಾಗೆ ಮೂನಿನ್: ಇವೆಲ್ಲ ನಮ್ಮ ಅಡುಗೆಮನೆಯಲ್ಲಿ ನಾನು ಕಾಫಿ ಬಗ್ಗಿಸುತ್ತ ಕೊಟ್ಟ ಹೆಸರುಗಳು. "ನಿನ್ನ ದೇವರುಗಳು ಬಿಟ್ಟಿ ಸಿಗ್ತಾರೆ ಕಣೇ, ಯಾರೂ ಕೇಸ್ ಹಾಕಲ್ಲ" ಎಂದು ನೀನು ನಗುತ್ತಿದ್ದೆ. ಅವನ್ನು ಇಟ್ಟುಕೋ. ಸಿಗಿನ್ ನಾನು ಕೊಟ್ಟದ್ದಲ್ಲ. ನೀನು ಕುಡಿದು ಬಂದು ವಾಂತಿ ಮಾಡುವಾಗ ಬಕೆಟ್ ಹಿಡಿದವಳನ್ನು ಹಾಗೆ ಕರೆಯುತ್ತಿದ್ದೆ. ಎಂಟು ವರ್ಷ ನಾನು, ನೀನು ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ ಮೀನು ಕಾರ್ಖಾನೆಗೆ ಫೋನ್ ಮಾಡಿ ಜ್ವರ, ಬೆನ್ನುನೋವು ಎಂದು ಸುಳ್ಳು ಹೇಳಿದೆ.

ಕಥೆಯ ಉಳಿದರ್ಧವನ್ನು ಯಾಕೆ ನುಂಗಿದೆ? ಬಟ್ಟಲು ತುಂಬುತ್ತದೆ. ಚೆಲ್ಲಲು ಅವಳು ಏಳಲೇಬೇಕು. ಆಗ ವಿಷ ಗಂಡನ ಮುಖಕ್ಕೆ ಬೀಳುತ್ತದೆ, ಅವನು ಒದ್ದಾಡಿದರೆ ಭೂಮಿ ನಡುಗುತ್ತದೆ. ನನ್ನ ನಾಲ್ಕನೇ ತರಗತಿಯ ಮಕ್ಕಳಿಗೂ ಇದು ಗೊತ್ತು.

ಅಷ್ಟಕ್ಕೇ ನಿಲ್ಲಿಸಿದ್ದರೂ ಸುಮ್ಮನಿರುತ್ತಿದ್ದೆ. "ಜೊತೆಗೆ ಕೆಲಸ ಮಾಡ್ತಿದ್ದ ಗೆಳೆಯನೇ ಚಾಡಿ ಹೇಳಿ ನನ್ನ ಕೆಲಸ ಕಳೆದ, ಹೆಂಡ್ತಿ ಮಾತ್ರ ಬಾಯಿಬಿಡಲಿಲ್ಲ" ಎಂದೆಯಲ್ಲ! ನೀನು ಹೆಸರು ಹೇಳಲಿಲ್ಲ ನಿಜ. ಒಂಬೈನೂರು ಜನರ ಊರಿನಲ್ಲಿ ಹೇಳಬೇಕೇ? ಮರುದಿನ ಅಂಗಡಿಯಲ್ಲಿ ನಿನ್ನ ಆ ಗೆಳೆಯ ಓರ್ರಿಯನ್ನು ಯಾರೂ ಮಾತಾಡಿಸಲಿಲ್ಲ. ಒಣಮೀನಿನ ಪೊಟ್ಟಣ ಹಿಡಿದು ತಲೆ ತಗ್ಗಿಸಿ ನಿಂತಿದ್ದ.

ಈಗ ಕೇಳು. ನಿನ್ನ ಮ್ಯಾನೇಜರಿಗೆ ಫೋನ್ ಮಾಡಿ ಹೇಳಿದ್ದು ನಾನು.

ಹಿಂದಿನ ದಿನ ನೀನು ಕುಡಿದ ಕೈಯಲ್ಲಿ ಕಂಪ್ಯೂಟರಿನ ಗುಂಡಿ ಒತ್ತಿ ಮೀನಿಡುವ ಶೀತಲಕೋಣೆಯ ಬಾಗಿಲು ಮುಚ್ಚಿದ್ದೆ. ಒಳಗೆ ಕೆಲಸದ ಇಬ್ಬರು ಹೆಂಗಸರಿದ್ದರು. ಓರ್ರಿ ಬಾಗಿಲು ಮುರಿದು ಅವರನ್ನು ಹೊರಗೆ ತಂದ. ನೀನು ಮನೆಗೆ ಬಂದು ಅದನ್ನೊಂದು ತಮಾಷೆಯಂತೆ ಹೇಳಿದೆ. ಬೆಳಿಗ್ಗೆ ಎರಡು ಪಾಠಗಳ ನಡುವೆ ನಾನು ನಿನ್ನ ಮ್ಯಾನೇಜರಿಗೆ ಎಂಟು ವರ್ಷದ್ದನ್ನೂ ಹೇಳಿಬಿಟ್ಟೆ. ನಿನ್ನ ಕೆಲಸ ಹೋಯಿತು, ನೀನು ಕುಡಿತ ಬಿಡಿಸುವ ಚಿಕಿತ್ಸೆಗೆ ಹೋದೆ, ಬದುಕಿದೆ. ಬಂದವನು ಬಂದರಿನಲ್ಲಿ ಎಲ್ಲರೆದುರು ಓರ್ರಿಯ ಮುಖಕ್ಕೆ ಉಗಿದೆ. ನಾನು ಹೆದರಿ ಬಾಯಿ ಮುಚ್ಚಿಕೊಂಡೆ. ಅದು ನನ್ನ ತಪ್ಪು. ಫೋನ್ ಮಾಡಿದ್ದು ತಪ್ಪಲ್ಲ, ಇನ್ನೊಮ್ಮೆ ಬೇಕಾದರೂ ಮಾಡುತ್ತೇನೆ.

ಟಿಕೆಟ್ ಇದರೊಳಗಿದೆ. ಆ ವೇದಿಕೆಯ ಮೇಲೆ ಓರ್ರಿಯ ಹೆಸರು ಹೇಳಿ ಕ್ಷಮೆ ಕೇಳು. ಕೇಳದಿದ್ದರೆ ಈ ಪತ್ರದ ಪ್ರತಿ ಪತ್ರಿಕೆಗೆ ಹೋಗುತ್ತದೆ. ಊರೆಲ್ಲ ನನಗೂ ಉಗಿಯಲಿ. ಸಾಫ್ಟ್‌ವೇರಿಗೆ ಬೇರೆ ಹೆಸರು ನೀನೇ ಹುಡುಕಿಕೋ.

ಸಾಲ್ವೋರ್

ತಾ.ಕ.: ಅಂಚೆಗೆ ಹಾಕುವ ಮೊದಲು ಓರ್ರಿಯ ಹತ್ತಿರ ಹೋಗಿ ಎಲ್ಲ ಒಪ್ಪಿಕೊಂಡೆ. ಗಾಳಕ್ಕೆ ಮೀನು ಚುಚ್ಚುತ್ತಿದ್ದವನು ತಲೆ ಎತ್ತಲಿಲ್ಲ. "ಅವತ್ತೇ ಗೊತ್ತಿತ್ತು ಕಣೇ. ಮ್ಯಾನೇಜರ್ ಫೋನ್ ಎತ್ತಿದಾಗ ನಾನು ಅಲ್ಲೇ ಇದ್ದೆ. ಚಾಡಿ ಹೇಳಿದ್ದು ನಾನಲ್ಲ ಅಂದಿದ್ರೆ ಬ್ರಾಂಡುರ್ ನಿನ್ನ ಮೇಲೆ ಕೈ ಮಾಡ್ತಿದ್ದ" ಎಂದ.