ಅಣ್ಣ ಎತ್ತಿದ ಕೈ

ಅಪ್ಪಾ,

ನೀನು ಹೋದ ಮೇಲೆ ಇಂಥದ್ದನ್ನು ಹೇಳಿಕೊಳ್ಳಲು ನನಗೆ ಯಾರೂ ಇಲ್ಲ. ಇವತ್ತು ಬೀದಿಯವರ ಸಭೆಗೆ ಹೋಗಿ ಬಂದೆ. ಮೊನ್ನೆ ಬೋಟಿನಲ್ಲಿ ಬಂದಿಳಿದವರನ್ನು ನಮ್ಮ ಬೀದಿಯ ಮುಚ್ಚಿಹೋದ ಬಟ್ಟೆ ಕಾರ್ಖಾನೆಯಲ್ಲಿ ಇರಿಸಬಹುದೋ ಬೇಡವೋ ಎಂದು ಕೇಳಲು ಕರೆದಿದ್ದರು. ಒಲೆ ಆರಿಸಿ ಬಂದೆನೋ ಇಲ್ಲವೋ, ನಾವು ಹೇಗೆ ಬಂದವರೆಂದು ಯಾರಾದರೂ ಕೇಳಿಬಿಟ್ಟರೇನು ಗತಿ ಎಂದು ಹೆದರುತ್ತ ಬಾಗಿಲ ಹತ್ತಿರವೇ ಕುಳಿತಿದ್ದೆ.

ಮೊದಲು ಎದ್ದು ನಿಂತವನು ಅಣ್ಣ.

"ಬೋಟ್ ಹತ್ತಿದೋರಿಗೆಲ್ಲ ಜಾಗ ಕೊಡ್ತಾ ಹೋದ್ರೆ ನಾವೆಲ್ಲಿರೋದು? ಮಕ್ಕಳನ್ನ ಕರ್ಕೊಂಡು ಸಮುದ್ರಕ್ಕಿಳಿಯೋ ಅಪ್ಪ ಎಂಥ ಅಪ್ಪ?" ಎಂದ.

ಈ ಮಾತನ್ನು ನಿನಗೆ ಬರೆಯಬಾರದಿತ್ತು.

ಪಕ್ಕದಲ್ಲಿದ್ದ ನಲ್ಲಿ ರಿಪೇರಿಯವನು, "ನಿಮ್ಮಣ್ಣ ನಮಗಿಂತ ಜಾಸ್ತಿ ಇಲ್ಲಿಯವರಾಗಿಬಿಟ್ರಲ್ಲಮ್ಮ" ಎಂದು ನಕ್ಕ. ಅಣ್ಣ ಅದನ್ನೂ ಹೊಗಳಿಕೆ ಎಂದುಕೊಂಡು ಹಲ್ಲು ಕಿರಿದ. ಅವನ ಮುಖ ನೋಡಲು ಅಸಹ್ಯವಾಯಿತು.

ಬೇಡ ಎನ್ನುವವರು ಕೈ ಎತ್ತಿ ಎಂದರು. ಅಣ್ಣ ಎತ್ತಿದ, ಅಂಗಿಯ ತೋಳು ಕೆಳಕ್ಕೆ ಜಾರಿತು. ನಮ್ಮ ಬೋಟಿನಲ್ಲಿ ಅಲೆ ಎಳೆದೊಯ್ಯದಿರಲೆಂದು ನೀನು ನಮ್ಮಿಬ್ಬರ ಕೈಯನ್ನೂ ನಿನ್ನ ಸೊಂಟಕ್ಕೆ ಬಿಗಿದಿದ್ದೆಯಲ್ಲ, ಆ ಹಗ್ಗದ ಗುರುತು ಅವನ ಮಣಿಕಟ್ಟಿನ ಸುತ್ತ ಹಾಗೇ ಇದೆ. ಅಷ್ಟು ಜನರಲ್ಲಿ ಅದು ಏನೆಂದು ಗೊತ್ತಿದ್ದವಳು ನಾನೊಬ್ಬಳೇ.

ಆಮೇಲೆ, "ಇರ್ಲಿ ಅನ್ನೋರು ಎತ್ತಿ" ಎಂದರು. ನಲ್ಲಿಯವನು ಎತ್ತಿದ. ಇನ್ನೂ ಕೆಲವರು ಎತ್ತಿದರು.

ನಾನು ಆಗ ನನ್ನ ರವಿಕೆಯ ಉದ್ದ ತೋಳನ್ನು ಮಣಿಕಟ್ಟಿನವರೆಗೆ ಎಳೆದುಕೊಂಡು ಗುಂಡಿ ಹಾಕುತ್ತಿದ್ದೆ, ಅಪ್ಪಾ.