ಬಾಗಿದ ಸ್ಲ್ಯಾಬಿನ ಕೆಳಗೆ

ಶುಕ್ರವಾರ, ಬೆಳಿಗ್ಗೆ

ಅಕ್ಕಾ,

ನೀನು ಫೋನ್ ಎತ್ತುತ್ತಿಲ್ಲ, ಅದಕ್ಕೇ ಈ ಕಾಗದ. ಸಿಟ್ಟಿನಲ್ಲಿ ಹರಿದು ಹಾಕಬೇಡ. ಪೂರ್ತಿ ಓದು, ಆಮೇಲೆ ಏನು ಬೇಕಾದರೂ ಮಾಡು.

ಭಾವನ ಮಾನವನ್ನು ನಾಲ್ಕು ಜನರ ಮುಂದೆ ಕಳೆದೆ ಅಂತ ಅಮ್ಮನ ಹತ್ತಿರ ಹೇಳಿದೆಯಂತೆ. ನಾನು ಇಲ್ಲ ಅನ್ನುವುದಿಲ್ಲ. ಆದರೆ ಅಲ್ಲಿ ನಡೆದದ್ದೇನು ಅಂತ ನನ್ನಿಂದಲೂ ಕೇಳು.

ಆಸ್ಪತ್ರೆಯ ಕಟ್ಟಡದಲ್ಲಿ ಕಾಂಕ್ರೀಟಿನ ಕೆಲಸ ಭಾವನದು, ಮೇಲ್ವಿಚಾರಣೆ ನನ್ನದು. ಮಂಗಳವಾರ ಮೊದಲ ಮಹಡಿಯ ಸ್ಲ್ಯಾಬ್ ಒಂದು ಮೂಲೆಯಲ್ಲಿ ತುಸು ಬಾಗಿ, ಅಡಿಯಲ್ಲಿ ಕೂದಲೆಳೆಯಂಥ ಬಿರುಕು ಕಾಣಿಸಿತು. ಕೆಳಗಿದ್ದವರನ್ನೆಲ್ಲ ಹೊರಗೆ ಕಳಿಸಿ, ಕಂಟ್ರಾಕ್ಟರುಗಳನ್ನು ತಗಡಿನ ಶೆಡ್ಡಿಗೆ ಕರೆಸಿದೆ. ಮಾಲೀಕರು ಬರುವಾಗಲೇ ತೀರ್ಮಾನ ಮಾಡಿಕೊಂಡು ಬಂದಿದ್ದರು. ಪೈಪಿನ ಕೆಲಸದವರು ತೊಲೆಗೆ ತೂತು ಕೊರೆದದ್ದೇ ಕಾರಣ ಅಂತ ಭಾವ ಅವರ ಕಿವಿಗೆ ಹಾಕಿಯಾಗಿತ್ತು. "ಪೈಪಿನವರನ್ನ ಇವತ್ತೇ ಕಳಿಸಿಬಿಡಿ," ಅಂದರು ಮಾಲೀಕರು.

ಪೈಪಿನ ಕಂಟ್ರಾಕ್ಟರನ್ನು ನಾವೆಲ್ಲ ಪೈಪಣ್ಣ ಅಂತಲೇ ಕರೆಯುವುದು. ಅವರು ಚೀಲ ಹೆಗಲಿಗೇರಿಸಿ ಎದ್ದರು. ಕೂತುಕೊಳ್ಳಿ, ನಿಮ್ಮ ಮಾತೂ ಕೇಳಬೇಕು ಅಂದೆ.

"ಕೇಳಿ ಏನ್ಮಾಡ್ತೀರಿ ಮೇಡಂ? ಹೋದ ಸಲ ಈ ವೈರಿಂಗಿನವರು ಗೋಡೆ ಸೊಟ್ಟಗಿದೆ ಅಂದ್ರು. ಕಟ್ಟಿದವರನ್ನ ಯಾರೂ ಕೇಳ್ಲಿಲ್ಲ, ಬೈಗುಳ ಇವರಿಗೇ ಬಿತ್ತು. ಆಮೇಲೆ ಯಾರು ಬಾಯಿ ಬಿಡ್ತಾರೆ?"

ಪಕ್ಕದಲ್ಲೇ ಕೂತಿದ್ದ ವೈರಿಂಗಿನಾಕೆ ಆಗ ನೆಲ ನೋಡುತ್ತ ಬಾಯಿ ಬಿಟ್ಟರು. ಸ್ಲ್ಯಾಬಿಗೆ ಆಸರೆಯಾಗಿದ್ದ ಕಬ್ಬಿಣದ ಜಾಕಿಗಳನ್ನು ಕಾಂಕ್ರೀಟು ಗಟ್ಟಿಯಾಗುವ ಮೊದಲೇ ಬಿಚ್ಚಿ ಮೇಲಿನ ಮಹಡಿಗೆ ಸಾಗಿಸಿದ್ದನ್ನು ಅವರು ಕಂಡಿದ್ದರಂತೆ. ಹೇಳಿದರೆ ತನ್ನ ತಲೆಗೇ ಬರುತ್ತದೆ ಅಂತ ಸುಮ್ಮನಿದ್ದರಂತೆ.

ಭಾವ ನನ್ನ ಮುಖ ನೋಡಿದರು. ಆ ನೋಟದಲ್ಲಿ ನೀನಿದ್ದೆ, ಮಕ್ಕಳಿದ್ದರು, ನಿಮ್ಮನೆಯಲ್ಲಿ ನಾನು ಉಂಡ ಊಟವೂ ಇತ್ತು.

ಅಷ್ಟರಲ್ಲಿ ಹೊರಗೆ ಲಟಕ್ಕನೆ ಸದ್ದಾಯಿತು. ಓಡಿ ಹೋಗಿ ನೋಡಿದರೆ ಬಿರುಕಿನಲ್ಲಿ ಬೆರಳು ತೂರುವಂತಿತ್ತು. ತಕ್ಷಣ ಜಾಕಿ ಕೊಡದಿದ್ದರೆ ಆ ಮೂಲೆ ಕುಸಿಯುತ್ತದೆ, ಮೇಲಿನದೆಲ್ಲ ಅದರ ಜೊತೆಗೇ. ಭಾವನ ಆಳುಗಳು ಸಾಲುತ್ತಿರಲಿಲ್ಲ. ಉಳಿದವರು ಕೈಕಟ್ಟಿ ನಿಂತುಬಿಟ್ಟರು. "ಕಳ್ಳರ ಥರ ಓಡಿಸೋಕೆ ಹೊರಟಿದ್ರಲ್ಲ, ಈಗ ನಾವ್ಯಾಕೆ ಜೀವ ಒತ್ತೆ ಇಡ್ಬೇಕು?" ಅಂತ ಪೈಪಣ್ಣನ ಕಡೆಯವರೊಬ್ಬರು ಕೂಗಿದರು.

ನಾನು ಭಾವನ ಎದುರಿಗೆ ಹೋಗಿ ನಿಂತೆ. ಎಲ್ಲರಿಗೂ ಕೇಳುವಂತೆ ಕೇಳಿದೆ: "ಭಾವ, ಜಾಕಿ ಬಿಚ್ಚಿಸಿದ್ದು ನೀವೇನಾ?"

"ಹೌದು," ಅಂದರು. "ಮೇಲಿನ ಮಹಡಿ ತಿಂಗಳೊಳಗೆ ಏಳ್ಲೇಬೇಕು ಅಂದ್ರೆ ನಾನು ಜಾಕಿ ಎಲ್ಲಿಂದ ತರ್ಲಿ?"

ಆ ಮಾತೂ ನಿಜವೇ. ಮಾಲೀಕರ ಕಡೆ ತಿರುಗಿ, ನಡುವೆ ನಕ್ಷೆ ಬದಲಾಯಿಸಿ ಕೆಲಸ ಹೆಚ್ಚಿಸಿ ಗಡುವು ಮಾತ್ರ ಬದಲಾಯಿಸದ ನಿಮ್ಮದೂ ತಪ್ಪಿದೆ, ಬಿಚ್ಚಿದ್ದನ್ನು ಗಮನಿಸದ ನನ್ನದೂ ಇದೆ, ಪೈಪಿನವರದು ಏನೂ ಇಲ್ಲ ಅಂದೆ. ಕೆಲಸದಿಂದ ಯಾರನ್ನೂ ಓಡಿಸುವುದಿಲ್ಲ, ಭಾವನನ್ನೂ ಸಹ, ಅಂದೆ. ಮಾಲೀಕರು ಕೆಂಪಾದರು, ಆದರೂ ತಲೆಯಾಡಿಸಿದರು.

ಪೈಪಣ್ಣ ಚೀಲ ಕೆಳಗಿಟ್ಟು ಅಂಗಿಯ ತೋಳು ಮಡಚಿದರು. ಅವರ ಹಿಂದೆ ಎಲ್ಲರೂ ಮೇಲಕ್ಕೆ ಸಾಗಿಸಿದ್ದ ಜಾಕಿಗಳನ್ನು ಇಳಿಸಿ ಹೊತ್ತರು. ಸಂಜೆಯ ಹೊತ್ತಿಗೆ ಆ ಮೂಲೆ ನಿಂತಿತು.

ಈಗ ಗಡುವು ಮುಂದಕ್ಕೆ ಹೋಗಿದೆ. ನಿನ್ನೆ ವೈರಿಂಗಿನಾಕೆ ತಾವಾಗಿಯೇ ಬಂದು, ಲಿಫ್ಟಿಗೆ ತೋಡಿದ ಗುಂಡಿಯಲ್ಲಿ ನೀರು ಜಿನುಗುತ್ತಿದೆ ಅಂತ ತೋರಿಸಿದರು. ಒಬ್ಬರೂ ಅವರನ್ನು ಗದರಲಿಲ್ಲ. ಈ ಕಟ್ಟಡ ನಿಲ್ಲುತ್ತದೆ ಅಂತ ನನಗೆ ಧೈರ್ಯ ಬಂದದ್ದು ಆಗ.

ಭಾವನ ಬಗ್ಗೆ ನನಗಿರುವ ಗೌರವ ಎಳ್ಳಷ್ಟೂ ಕಡಿಮೆಯಾಗಿಲ್ಲ. ನೀನು ಮಾತು ಬಿಟ್ಟರೆ ಮಾತ್ರ ನನಗೆ ಅನ್ನ ಇಳಿಯುವುದಿಲ್ಲ.

ನಿನ್ನ ಬೈಗುಳಕ್ಕಾದರೂ ಕಾಯುತ್ತಿರುವ
ತಂಗಿ

ವಿ.ಸೂ.: ಇದನ್ನು ಭಾವ ನಿನಗೆ ಹೇಳಿರುವುದಿಲ್ಲ, ಹೇಳಬೇಡ ಅಂತ ನನಗೂ ಆಣೆ ಹಾಕಿಸಿದ್ದಾರೆ. ಕೊನೆಯ ಜಾಕಿ ಕೊಡಲು, ಸ್ಲ್ಯಾಬ್ ಇನ್ನೂ ಸದ್ದು ಮಾಡುತ್ತಿರುವಾಗ, ಒಳಗೆ ನುಗ್ಗಿದವರು ಅವರೇ. ಕಾಲು ಜಾರಿ ಬಿದ್ದರು. ಹಿಂದೆಯೇ ಹೋಗಿ ಅವರನ್ನು ಎಳೆದು ತಂದದ್ದು ಪೈಪಣ್ಣ. ಶೆಡ್ಡಿನಲ್ಲಿ ನಾನು ಸುಮ್ಮನಿದ್ದಿದ್ದರೆ ಪೈಪಣ್ಣ ಅಷ್ಟು ಹೊತ್ತಿಗೆ ಚೀಲ ಹೊತ್ತು ಗೇಟು ದಾಟಿರುತ್ತಿದ್ದರು.